ರೂಟ್ ಆದ ಫೋನು, ನಿಂತ ಬಸ್ಸು

ಆ ಭಾನುವಾರ ನಮ್ಮ ಮನೆಯಲ್ಲಿ ನಡೆದ ಒಂದೇ ದೊಡ್ಡ ಸಂಗತಿ ಅಂದರೆ ಜಗಳ. ಅದೂ ಒಂದು ಫೋನಿನ ವಿಷಯಕ್ಕೆ.

ಹೊಸ ಫೋನು, ನನ್ನದು. ಗಾಜಿನ ಮೇಲಿನ ತೆಳು ಪ್ಲಾಸ್ಟಿಕ್ಕನ್ನೂ ಇನ್ನೂ ಕಿತ್ತಿರಲಿಲ್ಲ. ನಮ್ಮನೆಯವರು ಮಧ್ಯಾಹ್ನದ ಊಟ ಮುಗಿಸಿ ಚಾಪೆ ಹಾಸಿಕೊಂಡು ಕೂತರು. ಸ್ನೇಹಿತನನ್ನು ಕೇಳಿ ತಂದಿದ್ದ ಲ್ಯಾಪ್‌ಟಾಪಿಗೆ ನನ್ನ ಫೋನನ್ನು ಸಿಕ್ಕಿಸಿದರು. ಆಮೇಲೆ ಶುರುವಾಯಿತು ನೋಡಿ. ಪರದೆ ಕಪ್ಪಾಯಿತು. ಕಂಪನಿಯ ಹೆಸರು ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

"ಸತ್ತೋಯ್ತಾ?" ಅಂದೆ.

"ಇಲ್ಲ ಕಣೆ. ಉಸಿರಾಡ್ತಾ ಅದೆ."

"ಏನ್ ಮಾಡ್ತಾ ಇದೀರ ಅದಕ್ಕೆ?"

"ರೂಟ್ ಮಾಡ್ತಾ ಇವ್ನಿ."

"ವಾರಂಟಿ ಹೋಗಲ್ವಾ?"

"ಓಗ್ಲಿ ಬಿಡು. ನಿಮ್ಮಪ್ಪ ಮದ್ವೇಲಿ ನಿನಗೆ ವಾರಂಟಿ ಕಾರ್ಡ್ ಕೊಟ್ಟಿದ್ರಾ? ನಾನ್ ಇಷ್ಟ್ ವರ್ಷ ಇಟ್ಕಂಡಿಲ್ವಾ?"

ಅಡಿಗೆಮನೆಯಲ್ಲಿ ಅತ್ತೆ ಕಿಸಕ್ಕನೆ ನಕ್ಕರು. ಮಗನ ಜೋಕಿಗೆ ತಾಯಿ ನಗದೆ ಇನ್ಯಾರು ನಗಬೇಕು? ನಾನು ಸುಮ್ಮನಿರಲಿಲ್ಲ. "ನಮ್ಮ ಹೆಮ್ಮಿಗೆ ಮಾಲು, ಅದಕ್ಕೆ ಇನ್ನೂ ನಡೀತಾ ಇದೆ. ಹೆಡತಲೆ ಮಾಲಿನ ಕಥೆ ಹೇಳಲಾ?" ಅಂದೆ. ಅತ್ತೆಯ ನಗು ನಿಂತಿತು. (ಹೆಡತಲೆ ಅತ್ತೆಯ ಊರು. ನಾನು ಹುಟ್ಟಿದ್ದು ಹೆಮ್ಮಿಗೆಯಲ್ಲಿ. ಈ ಎರಡು ಊರಿನ ಯುದ್ಧ ನಂಜನಗೂಡಿನ ನಮ್ಮ ಬಾಡಿಗೆ ಮನೆಯಲ್ಲಿ ಮದುವೆಯಾದಾಗಿನಿಂದ ನಡೆದಿದೆ ಅಂತ ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ.)

ಹೊಸ ಓದುಗರಿಗಾಗಿ ಇಷ್ಟು ಹೇಳುತ್ತೇನೆ. ನಾನು ಪಿಯುಸಿ ಓದಿದವಳು, ಬ್ಲೌಸು ಹೊಲಿಯುವವಳು. ಮನೆ ಮುಂದಿನ ಕೋಣೆಯೇ ನನ್ನ ಅಂಗಡಿ. ನಮ್ಮನೆಯವರು ನಂಜನಗೂಡು–ಟಿ. ನರಸೀಪುರ ಖಾಸಗಿ ಬಸ್ಸಿನ ಕಂಡಕ್ಟರು. ಹೊಟ್ಟೆಪಾಡು ಬಸ್ಸಿನದು, ಜೀವ ಮಾತ್ರ ಮೊಬೈಲಿನದು. ಟಿ. ನರಸೀಪುರದಲ್ಲಿ ಬಸ್ಸು ನಿಂತರೆ ಬೇರೆ ಕಂಡಕ್ಟರುಗಳು ಹೋಟೆಲಿಗೆ ಹೋಗುತ್ತಾರೆ. ಇವರು ಪರಮೇಶಿಯ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ರೂಟ್ ವಿದ್ಯೆ ಕಲಿತದ್ದೂ ಅಲ್ಲೇ, ಲ್ಯಾಪ್‌ಟಾಪು ಬಂದದ್ದೂ ಅಲ್ಲಿಂದಲೇ.

ರೂಟ್ ಅಂದರೇನು? ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ನೀವು ರೆಡಿಮೇಡ್ ಬ್ಲೌಸ್ ತರುತ್ತೀರಿ. ಹಾಕಿಕೊಳ್ಳಬಹುದು, ಒಗೆಯಬಹುದು. ಆದರೆ ಒಳಗಿನ ಹೊಲಿಗೆ ಬಿಚ್ಚಿ ಕಂಕುಳು ಸಡಿಲ ಮಾಡಬೇಕು, ತೋಳು ಬದಲಿಸಬೇಕು ಅಂದರೆ ಅಂಗಡಿಯವನು ಕಣ್ಣು ಕೆಂಪಗೆ ಮಾಡುತ್ತಾನೆ. ಆಂಡ್ರಾಯ್ಡ್ ಫೋನೂ ಹಾಗೇ. ದುಡ್ಡು ಕೊಟ್ಟದ್ದು ನಾವು, ಒಳಕೋಣೆಯ ಬೀಗದ ಕೈ ಮಾತ್ರ ಕಂಪನಿಯ ಹತ್ತಿರ. ರೂಟ್ ಮಾಡುವುದು ಅಂದರೆ ಆ ಬೀಗ ತೆಗೆದು, ಒಳಹೊಲಿಗೆ ಬಿಚ್ಚಿ, ನಮಗೆ ಬೇಕಾದ ಹಾಗೆ ಹೊಲಿದುಕೊಳ್ಳುವುದು. ಬಿಚ್ಚಿದ ಮೇಲೆ ಅಂಗಡಿಯವನು "ಇದು ನಮ್ಮ ಹೊಲಿಗೆ ಅಲ್ಲ" ಅಂದರೆ ನಾವು ಏನು ಹೇಳೋಣ?

ಅದಿರಲಿ. ಸಂಜೆ ಹೊತ್ತಿಗೆ ಫೋನು ಬದುಕಿತು. ನಮ್ಮನೆಯವರ ಮುಖದಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಕಳೆ.

"ಏನ್ ಬದಲಾಯ್ತು?" ಅಂದೆ. ನೋಡಲು ಏನೂ ಬದಲಾಗಿರಲಿಲ್ಲ.

"ಕೇಳು" ಅಂದು ಒಂದು ಗುಂಡಿ ಒತ್ತಿದರು.

"ಓಲ್ಡಾನ್! ಓಲ್ಡಾನ್! ರಾಜೀ, ಚಾರ್ಜಾಕು!"

ನನ್ನ ಕೈಯಲ್ಲಿದ್ದ ಕಾಫಿ ಲೋಟ ತುಳುಕಿತು. ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿನ ಕಿವಿಗೆ ಮುಟ್ಟುವ ಅದೇ ಗಂಟಲು, ಈಗ ನನ್ನ ಫೋನಿನೊಳಗೆ. ಬ್ಯಾಟರಿ ಕಮ್ಮಿಯಾದರೆ ಕಂಪನಿಯವರ "ಟಿಣ್" ಬದಲು ಇದು ಕೂಗುತ್ತದಂತೆ. ಆಮೇಲೆ ಚಾರ್ಜರ್ ಚುಚ್ಚಿ ತೋರಿಸಿದರು.

"ರೈಟ್! ರೈಟ್! ಓಗ್ಲಿ ಓಗ್ಲಿ!"

"ಈ ಎರಡು ಸದ್ದು ಇರೋದು ಫೋನಿನ ಒಳಕೋಣೇಲಿ. ರೂಟ್ ಮಾಡ್ದೆ ಬದಲಾಯ್ಸಕ್ ಆಗಲ್ಲ" ಅಂದರು. ದೊಡ್ಡ ಸಾಧನೆ! ಇದಕ್ಕಾಗಿ ಒಂದು ಮಧ್ಯಾಹ್ನ, ಒಂದು ವಾರಂಟಿ!

"ಅಂಗಡಿಗೆ ಹೆಂಗಸರು ಬರ್ತಾರೆ. ಅಳತೆ ತಗೋಳೋವಾಗ ಒಳಗಿಂದ ಗಂಡಸಿನ ಗಂಟಲು ಓಲ್ಡಾನ್ ಅಂದ್ರೆ ಏನ್ ಅಂದ್ಕೋತಾರೆ? ಮೊದಲು ತೆಗೀರಿ ಇದನ್ನ."

"ನಾಳೆ ಸಾಯಂಕಾಲ ಬಂದು ತೆಗೀತೀನಿ ಬಿಡು" ಅಂದರು.

ಸೋಮವಾರ ಸಾಯಂಕಾಲ ಬಸ್ಸು ಬಂತು. ಅವರು ಬರಲಿಲ್ಲ. ಟಿ. ನರಸೀಪುರದ ಸ್ಟ್ಯಾಂಡಿನಲ್ಲಿ ಟೀ ಕುಡಿದು, ಲೋಟ ಕೆಳಗಿಟ್ಟು, ಅಲ್ಲೇ ಕುಸಿದರಂತೆ. ಎದೆನೋವು. ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಕೊಡಲಿಲ್ಲ.

ಈ ಅಂಕಣ ಕೆಲವು ತಿಂಗಳು ಯಾಕೆ ಬರಲಿಲ್ಲ ಅಂತ ಕೇಳಿದಿರಲ್ಲ, ಇದೇ ಕಾರಣ. ಇದರ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ. ಹೇಳಬೇಕಿರುವುದು ಫೋನಿನ ಕಥೆ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ನೆಂಟರು. ನನ್ನ ಫೋನು ಎಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ಅದು ಹೊಲಿಗೆ ಮಿಷಿನ್ನಿನ ಮೇಲೆ, ಯಾರದೋ ಬ್ಲೌಸಿನ ಕೆಳಗೆ ಬಿದ್ದಿತ್ತು. ಅಲ್ಲಿಂದ ಇದ್ದಕ್ಕಿದ್ದಂತೆ—

"ಓಲ್ಡಾನ್! ಓಲ್ಡಾನ್! ರಾಜೀ, ಚಾರ್ಜಾಕು!"

ಹೆಮ್ಮಿಗೆಯ ನಮ್ಮ ಚಿಕ್ಕಮ್ಮ "ಅಯ್ಯೋ ಶಿವನೇ!" ಅಂತ ಕಿರುಚಿ ಪಕ್ಕದವರ ಮಡಿಲಿಗೆ ಬಿದ್ದರು. ಒಬ್ಬರು ಎದ್ದು ಬಾಗಿಲಿಗೆ ಓಡಿದರು. ಅತ್ತೆ ಮಾತ್ರ ಗೋಡೆಗೆ ಒರಗಿದವರು ಒರಗಿದ ಹಾಗೇ, ಕಣ್ಣೂ ತೆರೆಯದೆ ಅಂದರು:

"ಚಾರ್ಜಾಕವ್ವ. ಕೂಗ್ತಾವನೆ."

ಹೋಗಿ ಚುಚ್ಚಿದೆ. "ರೈಟ್! ರೈಟ್! ಓಗ್ಲಿ ಓಗ್ಲಿ!" ಮೂಲೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಆಮೇಲೆ ಇನ್ನೊಬ್ಬರು. ಆಮೇಲೆ, ನಂಬಿ, ಅತ್ತೆಯೂ ನಾನೂ. ಸಾವಿನ ಮನೆಯಲ್ಲಿ ಅಷ್ಟು ಜನ ನಕ್ಕದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲ್ಲಿಂದ ಮುಂದೆ ನನ್ನ ಅಭ್ಯಾಸ ಬದಲಾಯಿತು. ಮೊದಲೆಲ್ಲ ಬ್ಯಾಟರಿ ಅರ್ಧಕ್ಕೆ ಬಂದರೆ ಚಾರ್ಜಿಗೆ ಇಡುತ್ತಿದ್ದೆ. ಈಗ ಇಡುವುದಿಲ್ಲ. ಕಾಯುತ್ತೇನೆ. ಕೂಗುವ ತನಕ ಕಾಯುತ್ತೇನೆ. (ಬ್ಯಾಟರಿಗೆ ಇದು ಒಳ್ಳೆಯದಲ್ಲವಂತೆ. ಇರಲಿ.)

ಗಿರಾಕಿಗಳಿಗೂ ಅಭ್ಯಾಸವಾಯಿತು. ಹೊಸಬರು ಯಾರಾದರೂ ಬೆಚ್ಚಿ "ಯಾರ್ರೀ ಒಳಗೆ?" ಅಂದರೆ "ನಮ್ಮನೆಯವರು" ಅನ್ನುತ್ತಿದ್ದೆ. ಹಳಬರು ಕಣ್ಣಲ್ಲೇ ಅವರಿಗೆ ಸನ್ನೆ ಮಾಡುತ್ತಿದ್ದರು. ಪಕ್ಕದ ಬೀದಿಯ ಮೇಷ್ಟ್ರ ಹೆಂಡತಿಯಂತೂ "ನಮ್ಮನೇಲಿ ಬದುಕಿರೋರೇ ದಿನಕ್ಕೆ ಒಂದ್ಸಲ ಹೆಸರು ಹಿಡಿದು ಕರೆಯಲ್ಲ ಕಣ್ರೀ" ಅಂದರು.

ಹೀಗೆ ನಡೆದಿತ್ತು. ಆಯುಧಪೂಜೆ ಬಂತು.

ಸಾವಾದ ವರ್ಷ ನಮ್ಮಲ್ಲಿ ಹಬ್ಬ ಇಲ್ಲ. ನಾನು ಹೊಲಿಗೆ ಮಿಷಿನ್ನಿಗೂ ಹೂ ಹಾಕಿರಲಿಲ್ಲ. ಆದರೆ ಹಿಟ್ಟು ಬೀಸಿಸಿಕೊಂಡು ಬರೋಣ ಅಂತ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ನಡುಮನೆಯಲ್ಲಿ ಮಣೆ ಹಾಕಿದ್ದರು. ಮಣೆಯ ಮೇಲೆ ನಮ್ಮನೆಯವರ ಚರ್ಮದ ಟಿಕೆಟ್ ಬ್ಯಾಗು, ಪೀಪಿ, ಸ್ಕ್ರೂಡ್ರೈವರ್ ಸೆಟ್ಟು. ಎಲ್ಲದಕ್ಕೂ ವಿಭೂತಿ, ಸೇವಂತಿಗೆ.

"ಅತ್ತೆ, ಈ ವರ್ಷ ಹಬ್ಬ ಇಲ್ಲ ಅಂದ್ರಿ."

"ಹಬ್ಬ ನಮಗಿಲ್ಲ. ಅವನ ಸಾಮಾನಿಗೆ ಏನ್ ಸೂತಕ?"

ಇದಕ್ಕೆ ಉತ್ತರ ಇದ್ದರೆ ಹೇಳಿ. ಹಿಟ್ಟಿನ ಡಬ್ಬ ಇಟ್ಟು ಕೈಮುಗಿದೆ. ಮುಗಿಯುವಾಗ ನೋಡಿದೆ, ಸಾಲಿನ ಕೊನೆಯಲ್ಲಿ ನನ್ನ ಫೋನು! ಬ್ಯಾಗಿಗೆ ಒರಗಿಸಿ ನಿಲ್ಲಿಸಿದ್ದಾರೆ. ಅದೂ ತಲೆಕೆಳಗಾಗಿ. ಚಾರ್ಜರ್ ಚುಚ್ಚುವ ತೂತು ಆಕಾಶ ನೋಡುತ್ತಿದೆ. ಹಣೆ ಅಂದುಕೊಂಡು ಅಲ್ಲಿಗೇ ನೀರು ಬೆರೆಸಿದ ವಿಭೂತಿಯ ಮೂರು ಪಟ್ಟೆ, ಅದರ ಮೇಲೆ ನೀರು ತೊಟ್ಟಿಕ್ಕುವ ಒಂದು ದಪ್ಪ ಸೇವಂತಿಗೆ.

"ಇದ್ಯಾಕೆ ಇಟ್ರಿ?"

"ಅವನು ಇರೋದೇ ಅದ್ರಲ್ಲಿ ಅಲ್ವಾ?"

ಆವತ್ತು ಸಂಜೆ ಫೋನು "ಓಲ್ಡಾನ್" ಅಂತು. ಚಾರ್ಜರ್ ಚುಚ್ಚಿದೆ. ಹಠಮಾರಿ ಮಗುವಿನ ಹಾಗೆ ಹಿಡಿದು, ಬಿಟ್ಟು, ಹಿಡಿದು, ಹೇಗೋ ಸ್ವಲ್ಪ ಚಾರ್ಜ್ ಆಯಿತು. ಬೆಳಿಗ್ಗೆ ಚಾರ್ಜ್ ಹಿಡಿಯುವುದೇ ಪೂರ್ತಿ ನಿಂತಿತು.

ಡಾಕ್ಟರಾದರೆ ಇಂಜೆಕ್ಷನ್ ಹುಡುಕುತ್ತಾರೆ, ಬಡಗಿಯಾದರೆ ಉಳಿ. ನಾನು ಟೈಲರು. ನನ್ನ ಕೈ ಯಾವುದರ ಕಡೆ ಹೋಗುತ್ತದೆ ಹೇಳಿ? ಕೈಹೊಲಿಗೆಯ ಸಣ್ಣ ಸೂಜಿ ತಗೊಂಡು ಆ ತೂತಿನೊಳಗೆ ಒಣಗಿ ಕೂತಿದ್ದ ವಿಭೂತಿಯನ್ನು ಕೆರೆದೆ. ಚೆನ್ನಾಗಿಯೇ ಕೆರೆದೆ. ಬಿಳಿ ಪುಡಿ ಉದುರಿತು. ಜೊತೆಗೆ ಹೊಳೆಯುವಂಥದ್ದು ಏನೋ ಒಂದು ಚೂರೂ ಉದುರಿತು.

ಪರಮೇಶಿಗೆ ಫೋನ್ ಮಾಡಿದೆ. "ಅಕ್ಕ, ತಕ್ಷಣ ಬನ್ನಿ. ಆ ಸದ್ದು ಬೇರೆಲ್ಲೂ ಇಲ್ಲ, ನನ್ನ ಲ್ಯಾಪ್‌ಟಾಪಲ್ಲೂ ಇಲ್ಲ. ಚಾರ್ಜ್ ಇರೋವಾಗ್ಲೇ ಆ ಎರಡು ಸದ್ದನ್ನೂ ಇನ್ನೊಂದು ಫೋನಿಗೆ ತಕ್ಕಳಣ. ಪೂರ್ತಿ ಖಾಲಿಯಾದ್ರೆ ಕಷ್ಟ" ಅಂದ.

ಕೆಲಸ ಇಷ್ಟೇ. ಬ್ಯಾಟರಿ ಮುಗಿಯುವುದರೊಳಗೆ ಟಿ. ನರಸೀಪುರ ಮುಟ್ಟಬೇಕು.

ಸ್ಟ್ಯಾಂಡಿಗೆ ಓಡಿದೆ. ಹೊರಡಲು ನಿಂತಿದ್ದ ಬಸ್ಸು ಯಾವುದು ಅಂದುಕೊಂಡಿರಿ? ಅದೇ. ಅವರು ಹೋದ ಮೇಲೆ ನಾನು ಆ ಬಸ್ಸು ಹತ್ತಿರಲಿಲ್ಲ. ಡ್ರೈವರ್ ಚಿಕ್ಕಮಾದಣ್ಣ ಕನ್ನಡಿಯಲ್ಲಿ ನೋಡಿ ತಲೆ ಆಡಿಸಿದರು. ತಗಡೂರಿನವರು. ನಮ್ಮನೆಯವರೂ ಇವರೂ ಜೊತೆಗೆ ದುಡಿದದ್ದು ನನ್ನ ಮದುವೆಗಿಂತ ಹಿಂದಿನಿಂದ. ಬಾಯಿಬಿಟ್ಟರೆ ಇಬ್ಬರಿಗೂ ಜಗಳ. ಬಸ್ಸು ಮಾತ್ರ ಒಂದು ದಿನವೂ ತಪ್ಪು ಜಾಗದಲ್ಲಿ ನಿಂತದ್ದಿಲ್ಲ. ಹಿಂದಿನಿಂದ "ಓಲ್ಡಾನ್" ಬಂದರೆ ಕಾಲು ಬ್ರೇಕಿಗೆ, "ರೈಟ್" ಬಂದರೆ ಕೈ ಗೇರಿಗೆ. ತಿರುಗಿ ನೋಡುವ ಪದ್ಧತಿಯೇ ಇರಲಿಲ್ಲ.

ಹೊಸ ಕಂಡಕ್ಟರು ಬಂದಿದ್ದರು. ಮೆತ್ತಗಿನ ಮನುಷ್ಯ. ಬರೀ ಪೀಪಿ ಊದುತ್ತಾರೆ, ಬಾಯಿ ಬಿಡುವುದಿಲ್ಲ. ನಾನು ಹಿಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತೆ. ಫೋನು ಮಡಿಲಲ್ಲಿ. ಪರದೆ ನೋಡಲು ಧೈರ್ಯವಿಲ್ಲ, ನೋಡದೆ ಇರಲೂ ಆಗುತ್ತಿಲ್ಲ.

ಊರು ದಾಟಿತು. ಎರಡೂ ಕಡೆ ಭತ್ತದ ಗದ್ದೆ. ಬಸ್ಸು ಒಳ್ಳೆ ಸ್ಪೀಡಿನಲ್ಲಿತ್ತು. ಆಗ—

"ಓಲ್ಡಾನ್! ಓಲ್ಡಾನ್! ರಾಜೀ, ಚಾರ್ಜಾಕು!"

ಚಿಕ್ಕಮಾದಣ್ಣನ ಕಾಲು ಬ್ರೇಕ್ ಒತ್ತಿತು. ಮನಸ್ಸು ಒತ್ತಿದ್ದಲ್ಲ, ಕಾಲು. ಬಸ್ಸು ಕಿರ್ರನೆ ನಿಂತಿತು. ನಿಂತಿದ್ದವರು ಕೂತವರ ಮೇಲೆ ಬಿದ್ದರು. ಯಾರದೋ ಬ್ಯಾಗಿನಿಂದ ಟೊಮೆಟೊ ಉರುಳಿ ಡ್ರೈವರ್ ಸೀಟಿನವರೆಗೆ ಹೋದವು.

"ಏನ್ಲಾ ಚಿಕ್ಕಮಾದ, ಕೋಳಿ ಅಡ್ಡ ಬಂತಾ?" ಮುಂದೆ ಕೂತಿದ್ದ ತಾತ ಗದರಿದರು.

ಚಿಕ್ಕಮಾದಣ್ಣ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ಕೂತಿದ್ದರು. ಜೀವನದಲ್ಲಿ ಮೊದಲ ಸಲವೋ ಏನೋ, ನಿಧಾನಕ್ಕೆ ತಿರುಗಿ ಹಿಂದಿನ ಬಾಗಿಲು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಫೋನು ಎತ್ತಿ ತೋರಿಸಿದೆ.

"ಕೂಗಿದ್ದು ಇದು, ಅಣ್ಣ. ಬ್ಯಾಟರಿ ಕಮ್ಮಿಯಾದ್ರೆ ಕೂಗ್ತದೆ. ಅವರೇ ಹಾಕಿದ್ದು."

ಬಸ್ಸಿನಲ್ಲಿದ್ದವರು ಫೋನಿನ ಕಡೆ ಕತ್ತು ಚಾಚಿದರು. ದಿನಾ ಓಡಾಡುವವರೇ ಹೆಚ್ಚು. ಎಲ್ಲರಿಗೂ ಆ ಗಂಟಲು ಗೊತ್ತು. "ಮಾದೇಶನ ಧ್ವನಿ ಕಣ್ರೀ" ಅಂತ ಒಬ್ಬರು ಪಿಸುಗುಟ್ಟಿದರು.

"ಇನ್ನೊಂದ್ಸಲ ಕೂಗ್ಸವ್ವ" ಅಂದರು ಚಿಕ್ಕಮಾದಣ್ಣ.

"ಇನ್ನೊಂದ್ಸಲ ಕೂಗಬೇಕಾದ್ರೆ ಬ್ಯಾಟರಿ ಇನ್ನೂ ಇಳೀಬೇಕಣ್ಣ."

ಅವರು ನಕ್ಕರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. "ನನ್ಮಗ, ಸ್ಟಾಪಿಲ್ಲದ ಜಾಗ್ದಲ್ಲಿ ನಿಲ್ಲಿಸ್ಬೇಡ ಅಂತ ನನಗೇ ಬೈಯ್ಯೋನು. ಈಗ ನೋಡು, ಎಲ್ಲಿ ನಿಲ್ಲಿಸ್ದ."

ಹೊಸ ಕಂಡಕ್ಟರು ಮುಜುಗರದಿಂದ ಪೀಪಿ ಊದಿದರು. ಬಸ್ಸು ಹೊರಡಲಿಲ್ಲ. ಇನ್ನೊಂದು ಸಲ ಊದಿದರು. ಉಹುಂ.

"ಓಗಣ ನಡಿಯಪ್ಪ, ಸಂತೆಗೆ ಟೈಮಾಯ್ತದೆ" ಅಂದರು ತಾತ.

"ಅವನು ನಿಲ್ಲಿಸಿದ ಬಸ್ಸು. ಅವನ ಕಡೆಯಿಂದ್ಲೇ ರೈಟ್ ಬರ್ಬೇಕು" ಅಂದರು ಚಿಕ್ಕಮಾದಣ್ಣ. ತಮಾಷೆ ಮಾಡುತ್ತಿದ್ದಾರೋ ನಿಜಕ್ಕೂ ಹೇಳುತ್ತಿದ್ದಾರೋ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ಕೈ ಗೇರಿನ ಮೇಲೆ ಇತ್ತು, ಅಷ್ಟೇ. ಅಲ್ಲಾಡುತ್ತಿರಲಿಲ್ಲ.

ಫೋನಿಗೆ "ರೈಟ್" ಅನ್ನಿಸಬೇಕಾದರೆ ಚಾರ್ಜ್ ಹಿಡಿಯಬೇಕು. ಚಾರ್ಜ್ ಹಿಡಿಯುವ ತೂತನ್ನು ನಾನೇ ಸೂಜಿಯಲ್ಲಿ ಕೆರೆದಿದ್ದೇನೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಎದ್ದು ನಿಂತೆ. ಕಂಬಿ ಹಿಡಿದುಕೊಂಡೆ. ನಾನು ಮನೆಯಲ್ಲಿ ಜಗಳವಾಡುವಾಗಲೂ ಗಂಟಲೆತ್ತಿದವಳಲ್ಲ.

"ರೈಟ್... ರೈಟ್" ಅಂದೆ.

"ಕೇಳ್ಸಲಿಲ್ಲ" ಅಂದರು ಚಿಕ್ಕಮಾದಣ್ಣ.

"ರೈಟ್! ರೈಟ್! ಓಗ್ಲಿ ಓಗ್ಲಿ!"

ಬಸ್ಸು ಹೊರಟಿತು. ತಾತ ಚಪ್ಪಾಳೆ ತಟ್ಟಿದರು. ಟೊಮೆಟೊದವರು ಒಂದೊಂದೇ ಆರಿಸಿಕೊಂಡರು. ಹೊಸ ಕಂಡಕ್ಟರು ನನ್ನ ಹತ್ತಿರ ಬಂದು "ಚೆನ್ನಾಗಿ ಹೇಳಿದ್ರಿ ಅಕ್ಕ. ನನಗೇ ಅಷ್ಟು ಬರಲ್ಲ" ಅಂದರು, ಪಾಪ.

ಪರಮೇಶಿ ಅಂಗಡಿ ಬಾಗಿಲಲ್ಲೇ ನಿಂತಿದ್ದ. ಫೋನು ಕಿತ್ತುಕೊಂಡ ಹಾಗೆ ತಗೊಂಡ. ಪರದೆ ನೋಡಿ ಹಣೆ ಚಚ್ಚಿಕೊಂಡ.

"ಆಫ್ ಮಾಡ್ಕಂಡ್ ಬರೋದಲ್ವಾ ಅಕ್ಕ!"

ಹೊಳೆದೇ ಇರಲಿಲ್ಲ ನೋಡಿ. ಅದು ಆನ್ ಇದ್ದರೆ ಅವರು ಇದ್ದಾರೆ ಅಂತ ತಾನೆ ನನ್ನ ಲೆಕ್ಕ? ನಾನು ಹೇಗೆ ಆಫ್ ಮಾಡಲಿ?

ವೈರಿನಲ್ಲಿ ಆಗುವುದಿಲ್ಲ, ತೂತು ಕೆಟ್ಟಿದೆ. ಬ್ಲೂಟೂತಿನಲ್ಲೇ ಕಳಿಸಬೇಕು. ಪರಮೇಶಿಯ ಬೆರಳು ಓಡಿತು. ಒಳಕೋಣೆಯೊಳಗೆ ಕೋಣೆ, ಅದರೊಳಗೆ ಇನ್ನೊಂದು ಕೋಣೆ. "ಸಿಕ್ತು, ಓಲ್ಡಾನ್ ಸಿಕ್ತು" ಅಂದ. ಅವನ ಫೋನಿಗೆ ಹೋಯಿತು. ಅಲ್ಲಿ ಒತ್ತಿದ, ಕೂಗಿತು. ನನಗೆ ಉಸಿರು ಬಂತು. ಮುಂದಿನದು "ರೈಟ್". ಅದನ್ನು ಹುಡುಕಿದ, ಒತ್ತಿದ, ಗೆರೆ ಓಡತೊಡಗಿತು. ಆಗಲೇ ನನ್ನ ಫೋನು ಕೊನೆಯ ಸಲ "ಓಲ್ಡಾನ್! ಓಲ್ಡಾನ್!" ಅಂದು, ನನ್ನ ಹೆಸರು ಅರ್ಧ ಹೇಳಿ, ಕಪ್ಪಾಯಿತು.

"ಅರ್ಧ ಬಂದದೆ ಅಕ್ಕ" ಅಂದ ಪರಮೇಶಿ. ಅರ್ಧ ಬಂದದ್ದು ತೆರೆಯುವುದಿಲ್ಲವಂತೆ. ಆ ಮಾಡೆಲ್ಲಿನ ಬಿಡಿಭಾಗ ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲ, ಕಂಪನಿಯ ಸರ್ವೀಸ್ ಸೆಂಟರೇ ಗತಿ ಅಂದ. ಫೋನು ಅಲ್ಲಿ ಜೀವ ತಾಳಿದರೆ ಉಳಿದದ್ದನ್ನು ತೆಗೆಯಬಹುದು ಅಂತಲೂ ಹೇಳಿದ.

ಮಾರನೆಯ ದಿನ ಮೈಸೂರಿಗೆ ಹೋದೆ. ಬಸ್ಸಿನಲ್ಲಿ ಇಡೀ ದಾರಿ ಜಗಳದ ಪ್ರಾಕ್ಟೀಸ್ ಮಾಡಿಕೊಂಡೆ. "ರೂಟ್ ಮಾಡಿದ್ದು ನನ್ನ ಗಂಡ. ಅವರೀಗ ಇಲ್ಲ. ಸತ್ತವರ ಮೇಲೆ ತಪ್ಪು ಹಾಕ್ತೀರಾ?" ಹೀಗೆಲ್ಲ.

ಕೌಂಟರಿನಲ್ಲಿ ಕನ್ನಡಕದ ಒಬ್ಬಾಕೆ. ಫೋನು ಒಳಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದು ಫೋಟೋ ಬಂತು. ತೂತಿನ ಫೋಟೋ, ದೊಡ್ಡದು ಮಾಡಿದ್ದು.

"ಮೇಡಂ, ಈ ಬಿಳೀದು ಏನು?"

"ವಿಭೂತಿ."

"ಈ ಗೀರು?"

"ಸೂಜಿ."

"ಯಾವ ಸೂಜಿ?"

"ಕೈಹೊಲಿಗೆದು. ಸಣ್ಣದು." ಸಣ್ಣದು ಅಂದರೆ ಶಿಕ್ಷೆ ಕಮ್ಮಿಯಾಗುತ್ತದೆ ಅನ್ನುವ ಆಸೆ.

ಆಕೆ ತುಟಿ ಕಚ್ಚಿ ನಗು ತಡೆದರು. ಖಾಲಿಯಾದ ಮೇಲೆ ಚಾರ್ಜರ್ ಚುಚ್ಚಿದಾಗ ಒಳಗೆ ಶಾರ್ಟ್ ಆಗಿ ಮುಖ್ಯ ಬೋರ್ಡೇ ಸುಟ್ಟಿದೆ, ಬದಲಾಯಿಸಬೇಕು, ಅದಕ್ಕೆ ವಾರಂಟಿ ಬರುವುದಿಲ್ಲ ಅಂದರು. ನಾನು ಪ್ರಾಕ್ಟೀಸ್ ಮಾಡಿಕೊಂಡದ್ದನ್ನು ತೆಗೆದೆ.

"ರೂಟ್ ಮಾಡಿದ್ದಾರೆ ಅಂತ ತಾನೆ?"

"ರೂಟಾ? ಆಗಿದೆಯಾ? ನೋಡೋಕೆ ಫೋನ್ ಆನೇ ಆಗ್ತಿಲ್ಲ ಮೇಡಂ. ಇದು ರೂಟ್‌ನಿಂದ ಆಗಿದ್ದಲ್ಲ. ನೀರು ಹೋಗಿದೆ, ಸೂಜಿ ಹೋಗಿದೆ. ಅದಕ್ಕೆ ವಾರಂಟಿ ಇಲ್ಲ."

"ಹಾಗಾದ್ರೆ ಬರೀ ರೂಟ್ ಮಾಡಿ, ಸೂಜಿ ಹಾಕದೆ ಇದ್ದಿದ್ದರೆ?"

ಹೆಂಗಸು ಒಳ್ಳೆಯವರು, ಬಿಡಿಸಿ ಹೇಳಿದರು. ನಿಮ್ಮಲ್ಲೂ ಕೆಲವರಿಗೆ ಬೇಕಾಗಬಹುದು, ಕೇಳಿ. ಒಂದೊಂದು ಕಂಪನಿಯ ನಿಯಮ ಒಂದೊಂದು ಥರ. ಕೆಲವರು ರೂಟ್ ಕಂಡ ಕೂಡಲೇ ವಾರಂಟಿ ಇಲ್ಲ ಅನ್ನುತ್ತಾರೆ. ಕೆಲವರು ಸಾಫ್ಟ್‌ವೇರಿನ ತೊಂದರೆಗೆ ಮಾತ್ರ ಇಲ್ಲ ಅನ್ನುತ್ತಾರೆ. ಗುಂಡಿ, ಸ್ಪೀಕರು ತಾನಾಗಿ ಕೆಟ್ಟರೆ ಅದಕ್ಕೂ ರೂಟಿಗೂ ಸಂಬಂಧ ಇದೆಯೋ ಇಲ್ಲವೋ ನೋಡಿ ಮಾಡಿಕೊಡುತ್ತಾರೆ. ಮತ್ತೆ ಮೊದಲಿನಂತೆ ಮಾಡಿ ತಂದರೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಕೆಲವು ಫೋನಿನೊಳಗೆ ಒಂದು ಗುರುತು ಇರುತ್ತದೆ. ಬೀಗ ಒಂದು ಸಲ ಮುರಿದರೆ ಆ ಗುರುತು ಸುಟ್ಟುಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಬ್ಯಾಂಕಿನ ಆ್ಯಪುಗಳೂ ರೂಟ್ ಆದ ಫೋನಿನಲ್ಲಿ ಮುನಿಸಿಕೊಳ್ಳುತ್ತವೆ. ಆದ್ದರಿಂದ ಮಾಡುವ ಮೊದಲು ವಾರಂಟಿ ನಿಯಮ ಓದಿ. (ಯಾರು ಓದುತ್ತಾರೆ? ಆದರೂ ಓದಿ.)

"ಬೋರ್ಡ್ ಬದಲಾಯಿಸಿ, ಆದರೆ ಹಳೆಯದರಿಂದ ಒಂದೇ ಒಂದು ಸದ್ದು ತೆಗೆದುಕೊಡಿ" ಅಂದೆ. ಯಾಕೆ ಅಂತಲೂ ಹೇಳಿದೆ. ಆಕೆ ಎದ್ದು ಒಳಗೆ ಹೋದರು. ಬರುವುದು ತಡವಾಯಿತು. ಬಂದು ಕನ್ನಡಕ ತೆಗೆದರು.

"ಆಗಲ್ವಂತೆ ಮೇಡಂ. ಎರಡು ಸಲ ಟ್ರೈ ಮಾಡಿದ್ರು."

ಸುಟ್ಟ ಬೋರ್ಡನ್ನು ಒಂದು ಸಣ್ಣ ಕವರಿನಲ್ಲಿ ಹಾಕಿ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ತೂಕವೇ ಇಲ್ಲ.

ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದೆ. ಪೂರ್ತಿ ಕೇಳಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಅಂದ್ರೆ ವಾರಂಟಿ ಓಗಿದ್ದು ನನ್ನ ಮಗನಿಂದ ಅಲ್ಲ?"

"ಅಲ್ಲ ಅತ್ತೆ. ನಿಮ್ಮ ವಿಭೂತಿಯಿಂದ, ನನ್ನ ಸೂಜಿಯಿಂದ."

"ವಿಭೂತಿ ಏನವ್ವ ಮಾಡ್ತದೆ ಪಾಪ? ಸೂಜಿನೇ ಕಣವ್ವ ಮತ್ತೆ. ಎಮ್ಮಿಗೆ ಸೂಜಿ."

ಯು‍ದ್ಧ ಮತ್ತೆ ಶುರುವಾಯಿತು ಅಂತ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಅವರು ಹೋದ ಮೇಲೆ ಅತ್ತೆ ನನ್ನ ಊರಿನ ಹೆಸರೆತ್ತಿ ಹಂಗಿಸಿಯೇ ಇರಲಿಲ್ಲ.

ಸುಟ್ಟ ಬೋರ್ಡು ಈಗ ಟಿಕೆಟ್ ಬ್ಯಾಗಿನೊಳಗಿದೆ, ಪೀಪಿಯ ಪಕ್ಕ. ಮುಂದಿನ ಆಯುಧಪೂಜೆಗೆ ಅದಕ್ಕೂ ವಿಭೂತಿ ಬೀಳುತ್ತದೆ, ಅನುಮಾನವಿಲ್ಲ. ಬೀಳಲಿ. ಇನ್ನೇನು ಕೆಡುವುದಿದೆ ಅದರಲ್ಲಿ?

ಫೋನು ವಾಪಸ್ ಬಂತು. ಒಳಗೆಲ್ಲ ಹೊಸದು. ಬ್ಯಾಟರಿ ಇಳಿದರೆ "ಟಿಣ್". ಚಾರ್ಜರ್ ಚುಚ್ಚಿದರೆ "ಟಿಣ್". ಎರಡು ದಿನ ನೋಡಿದೆ. ಮೂರನೆಯ ದಿನ ಟಿ. ನರಸೀಪುರದ ಬಸ್ಸು ಹತ್ತಿದೆ.

"ಅಕ್ಕ, ಹೊಸ ಬೋರ್ಡಿಗೂ ಕೆಲವು ತಿಂಗಳು ವಾರಂಟಿ ಅದೆ. ರೂಟ್ ಮಾಡಿದ್ರೆ ಅದೂ ಓಗ್ಬೋದು. ಯೋಚ್ನೆ ಮಾಡಿ" ಅಂದ ಪರಮೇಶಿ.

"ಹೋಗಲಿ ಬಿಡು. ನಮ್ಮಪ್ಪ ವಾರಂಟಿ ಕಾರ್ಡ್ ಕೊಟ್ಟಿದ್ರಾ?" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಆದರೆ ಲ್ಯಾಪ್‌ಟಾಪು ತೆರೆದ.

ಹೀಗಾಗಿ ರೂಟ್ ಮಾಡಿದರೆ ವಾರಂಟಿ ಹೋಗುತ್ತದೆಯೇ ಅಂತ ಕೇಳುವವರಿಗೆ ನನ್ನ ಉತ್ತರ: ಹೋಗಬಹುದು. ಗೊತ್ತಿದ್ದೇ ಮಾಡಿಸಿದ್ದೇನೆ.

ಮೊನ್ನೆ ಅಂಗಡಿಯಲ್ಲಿ ಮೇಷ್ಟ್ರ ಹೆಂಡತಿಯ ತೋಳಿನ ಅಳತೆ ತೆಗೆಯುತ್ತಿದ್ದಾಗ ಕೂಗಿತು. "ಓಲ್ಡಾನ್! ಓಲ್ಡಾನ್! ರಾಜೀ, ಚಾರ್ಜಾಕು!" ಅವರು ನಕ್ಕರು, ನಾನೂ ನಕ್ಕೆ. ಟೇಪು ಕುತ್ತಿಗೆಗೆ ಹಾಕಿಕೊಂಡು ಹೋಗಿ ಚಾರ್ಜರ್ ಚುಚ್ಚಿದೆ. "ಟಿಣ್" ಅಂತು.

ಚಿಕ್ಕಮಾದಣ್ಣ ಕಂಡಾಗೆಲ್ಲ ಬಸ್ಸಿನ ಕಿಟಕಿಯಿಂದ ತಲೆ ಹಾಕಿ "ಸಿಕ್ತಾ?" ಅಂತ ಕೇಳುತ್ತಾರೆ.

"ಓಲ್ಡಾನ್" ಇದೆ ಅಣ್ಣ. "ರೈಟ್" ಇಲ್ಲ.